ಬಾಟಲಿ ತೂಗುತ್ತಿದ್ದ ಡಾಕ್ಟರ್ ಬಾಯಿ

ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯನ್ನು ಯಾರಾದರೂ ಎಳೆದು ಮುಚ್ಚಿದರೆ ಈಗಲೂ ನನ್ನ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ. ಧೂಳಿಗೆ ಮುಚ್ಚಿರಬಹುದು, ಕೂಸಿನ ಮುಖಕ್ಕೆ ಬಿಸಿಲು ಬಿದ್ದಿರಬಹುದು. ಆದರೂ ಎದ್ದು ಹೋಗಿ ಆ ಸೀಟಿನವರ ಮುಖ ನೋಡದೆ ನನಗೆ ಕೂರಲಾಗುವುದಿಲ್ಲ. ನಡುಗುತ್ತಿದ್ದಾರೆಯೇ? ಮಾತು ನೆಟ್ಟಗಿದೆಯೇ? ಒಮ್ಮೆ ಒಬ್ಬ ಹುಡುಗಿ, ಏನು ಬೇಕಾಗಿತ್ತು ಮೇಡಂ ಎಂದು ಕೇಳಿಯೇಬಿಟ್ಟಳು. ಏನೂ ಇಲ್ಲ ಎಂದು ನಾಚಿಕೊಂಡು ವಾಪಸು ಬಂದೆ.

ಹೋದ ವಾರ ಕಮಲಾಪುರದಲ್ಲಿ ಬಸ್ಸಿಳಿದು ಕಾಲೇಜಿನ ಕಡೆ ನಡೆಯುವಾಗ ನೋಡಿದೆ, ಬಸ್ ನಿಲ್ದಾಣದ ಎದುರಿನ ಮಳಿಗೆ ಸಾಲಿನಲ್ಲಿ ಡಾಕ್ಟರ್ ಬಾಯಿಯ ಬೋರ್ಡು ಇರಲಿಲ್ಲ. ಅದಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಹೊಸದರಂತೆ ಬೆಳ್ಳಗೆ ಉಳಿದಿತ್ತು. ಮೊಬೈಲ್ ರಿಪೇರಿಯವರು ಬರುತ್ತಾರೆ ಎಂದು ಪಕ್ಕದ ಗೊಬ್ಬರದ ಅಂಗಡಿಯವರು ಹೇಳಿದರು. ತಲೆಯಾಡಿಸಿ ಮುಂದೆ ನಡೆದೆ. ಅವತ್ತು ಮೊದಲ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕಮಲಾಪುರದಲ್ಲಿ ಗುರುತಿಸುವವರು ಕಡಿಮೆ. ಎಲ್ಲರ ಬಾಯಲ್ಲೂ ಅವರು ಡಾಕ್ಟರ್ ಬಾಯಿ, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವಂತೆ. ಆಯುರ್ವೇದ ಓದಿದವರು, ಐವತ್ತು ದಾಟಿದವರು. ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಅಕ್ಕನ ಜೊತೆ ಇದ್ದರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಮಲಾಪುರಕ್ಕೆ ಬರುವುದು, ಆ ಮಳಿಗೆಯಲ್ಲಿ ರೋಗಿಗಳನ್ನು ನೋಡುವುದು, ಸಂಜೆ ಹೊರಳಿ ಊರಿಗೆ. ನಾನು ಕಮಲಾಪುರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನನ್ನ ಮನೆಯೂ ಖೂಬಾ ಪ್ಲಾಟ್‌ನಲ್ಲೇ, ಅವರ ಮನೆಯ ಹಿಂದಿನ ಓಣಿಯಲ್ಲಿ. ಆದರೂ ನಮ್ಮ ಪರಿಚಯವಾದದ್ದು ಬಸ್ಸಿನಲ್ಲಿ. ಮೊದಲ ಭೇಟಿಯಲ್ಲೇ ಅವರು ನನ್ನ ಹೆಸರು, ಕುಲ, ಕೆಲಸ ಏನನ್ನೂ ಕೇಳಲಿಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದಿಷ್ಟು ಹೊತ್ತು ಕಣ್ಣು ಮುಚ್ಚಿದರು. ಆಮೇಲೆ, ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತೀಯಲ್ಲ, ಯಾರ ಮೇಲೆ ಸಿಟ್ಟು ಎಂದರು.

ಸಂಜೆಯ ಬಸ್ಸಿನಲ್ಲಿ ಅವರದೊಂದು ಪದ್ಧತಿ ಇತ್ತು. ಸೀಟು ಸಿಕ್ಕ ಕೂಡಲೇ ಕೈ ಚಾಚುವರು. ನಾವು ನಮ್ಮ ನೀರಿನ ಬಾಟಲಿ ಕೊಡಬೇಕು. ಬೆಳಿಗ್ಗೆ ತುಂಬಿಸಿ ತಂದದ್ದು ಸಂಜೆಗೆ ಎಷ್ಟು ಭಾರ ಉಳಿದಿದೆ ಎಂದು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ, ಅಂಗೈ ಮೇಲಿಟ್ಟು ಮೇಲೆ ಕೆಳಗೆ ಆಡಿಸಿ ನೋಡುವರು. ಹಗುರ ಇದ್ದರೆ ಮಾತಿಲ್ಲದೆ ವಾಪಸು ಕೊಡುವರು. ಭಾರ ಇದ್ದರೆ ಇಡೀ ಬಸ್ಸಿಗೆ ಕೇಳುವಂತೆ ಬೈಗುಳ.

"ಹೊಳ್ಳಿ ಮನಿಗಿ ಒಯ್ಲಾಕ ನೀರ್ ತಂದಿಯೇನು? ಖೂಬಾ ಪ್ಲಾಟಿನ್ಯಾಗ ನಳ ಇಲ್ಲೇನು?"

ಮಹಾಗಾಂವದಲ್ಲಿ ನಮ್ಮ ಮೂರನೆಯ ಜೊತೆಗಾತಿ ಹತ್ತುತ್ತಿದ್ದರು. ಅಲ್ಲಿನ ಅಂಗನವಾಡಿಯ ಕಾರ್ಯಕರ್ತೆ, ಕಲಬುರಗಿಯಲ್ಲಿ ಮನೆ. ನಾವು ಅವರನ್ನು ಆಪಾ ಎನ್ನುತ್ತಿದ್ದೆವು. ಬೈಗುಳ ತಪ್ಪಿಸಿಕೊಳ್ಳಲು ಆಪಾ ಬಸ್ಸು ಬರುವ ಮೊದಲೇ ಬಾಟಲಿಯ ನೀರನ್ನು ನಿಲ್ದಾಣದ ಬೇವಿನ ಗಿಡಕ್ಕೆ ಸುರಿದು ಬರುತ್ತಿದ್ದರು. ಅದೂ ಬಹಳ ದಿನ ನಡೆಯಲಿಲ್ಲ. ಡಾಕ್ಟರ್ ಬಾಯಿ ಖಾಲಿ ಬಾಟಲಿ ಎತ್ತಿ ನೋಡಿದರು, ಆಪಾನ ಒಡೆದ ತುಟಿ ನೋಡಿದರು.

"ಬೇವಿನ ಗಿಡದ್ ನೀರಡಿಕಿ ಹೋಗ್ಯದ ಬಿಡ್ರಿ. ನಿಮ್ದ್ ಹೋಗಿಲ್ಲ."

ಆಪಾ ನಕ್ಕು ನಕ್ಕು ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರ್ ಬಾಯಿ ಮುಂದೆ ಕುಳಿತರೆ ಪರೀಕ್ಷೆಗೆ ಕುಳಿತ ಹಾಗೆ, ಕಾಪಿ ಹೊಡೆದರೂ ಸಿಕ್ಕಿಬೀಳುತ್ತೇವೆ ಎಂದು ಅವರು ಕಂಡಕ್ಟರನಿಗೆ ದೂರು ಹೇಳುವರು.

ಕಮಲಾಪುರದ ಕೆಂಪು ಬಾಳೆಹಣ್ಣು ನಮ್ಮ ಕಡೆ ಹೆಸರಾದದ್ದು. ಫೀಸಿನ ಜೊತೆ ರೋಗಿಗಳು ಒಂದು ಚಿಪ್ಪು ಹಣ್ಣು ಕೊಟ್ಟರೆ ಅವರು ಅದನ್ನು ಬಸ್ಸಿನಲ್ಲೇ ಹಂಚಿ ಮುಗಿಸುವರು. ಅದಕ್ಕೂ ಕಾನೂನು ಇತ್ತು. ಕೆಮ್ಮಿದವರಿಗೆ ಇಲ್ಲ. ಕಫ ಆಗಲೇ ಎದೆಯಲ್ಲಿ ಹಾಸಿಗೆ ಹಾಸಿಕೊಂಡಿದೆ, ನೀನು ಅದಕ್ಕೆ ದಿಂಬು ಕೊಡುತ್ತೀಯಾ ಎನ್ನುವರು. ಮಧ್ಯಾಹ್ನ ಮಿರ್ಚಿ ಭಜಿ ತಿಂದು ಹುಳಿತೇಗು ತೇಗುತ್ತಿದ್ದ ಡ್ರೈವರನಿಗೆ ಮಾತ್ರ ಕರೆದು ಎರಡು ಹಣ್ಣು ಕೊಟ್ಟರು, ಪಿತ್ತ ತಣ್ಣಗಾಗಲಿ ಎಂದು. ಕೆಮ್ಮು ಬಂದರೂ ಹಣ್ಣಿನ ಆಸೆಗೆ ಉಸಿರು ಬಿಗಿಹಿಡಿದು ಕೂರುವವರನ್ನು ನಾನು ಕಂಡಿದ್ದೇನೆ. ಅವರಿಗೆ ಬೇರೆ ಪಾಠ ಇತ್ತು: ಕೆಮ್ಮನ್ನು ಹಿಡಿದಿಟ್ಟರೆ ಅದು ಎದೆಯಲ್ಲೇ ಮನೆ ಮಾಡುತ್ತದೆ.

ಆ ಮಳಿಗೆ ಅಂದರೆ ಒಂದೇ ಕೋಣೆ, ಮುಂದೆ ಕಬ್ಬಿಣದ ಶಟರು, ಒಳಗೆ ಒಂದು ಮೇಜು, ಬೆಂಚು, ಗಾಜಿನ ಬೀರುವಿನಲ್ಲಿ ಚೂರ್ಣದ ಡಬ್ಬಿಗಳು. ಕಾಲೇಜಿಗೆ ಬೇಗ ರಜೆ ಸಿಕ್ಕ ದಿನ ನಾನು ಬಸ್ಸಿನ ತನಕ ಆ ಬೆಂಚಿನ ಮೇಲೆ ಕೂರುತ್ತಿದ್ದೆ. ರೋಗ ಹೇಗೆ ಬರುತ್ತದೆ ಎಂದು ಅವರು ಹಳ್ಳಿಯವರಿಗೆ ಹೇಳುವುದನ್ನು ಕೇಳುವುದೇ ಒಂದು ಸುಖ. ವಾತ, ಪಿತ್ತ, ಕಫ ಎಂಬ ಮೂರನ್ನು ಅವರು ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಮಾಡಿಬಿಟ್ಟಿದ್ದರು. ಹೊಟ್ಟೆಯ ಕೆಳಗೆ ವಾತನ ಕೋಣೆ, ನಡುವೆ ಪಿತ್ತನದು, ಎದೆಯಲ್ಲಿ ಕಫನದು. ಮೂವರಿಗೂ ಅವರವರ ಪಾಲು ಸಿಕ್ಕರೆ ಮನೆ ನಡೆಯುತ್ತದೆ. ಒಬ್ಬನಿಗೆ ಹೆಚ್ಚು ಕೊಟ್ಟೆವೋ, ಒಬ್ಬನನ್ನು ಅದುಮಿಟ್ಟೆವೋ, ಆಗ ಶುರು.

"ಮೊದಲ ಅವ ತನ್ನ ಖೋಲ್ಯಾಗೇ ಕುಂತು ಸಿಟ್ಟ್ ಕೂಡಸ್ತಾನ್ರಿ," ಎಂದು ಅವರು ಒಬ್ಬ ಮುದುಕನಿಗೆ ಹೇಳುತ್ತಿದ್ದುದು ನನ್ನ ಕಿವಿಯಲ್ಲಿದೆ. "ಆಗ ಮಾತಾಡ್ಸಿದ್ರ ಸುಮ್ಮನಾಗ್ತಾನ. ನೀವ್ ಮಾತಾಡ್ಸಂಗಿಲ್ಲ. ಆಮ್ಯಾಲ ಒಳಗೇ ಒದರ್ತಾನ. ಆಮ್ಯಾಲ ಅಂಗಳಕ್ಕ ಬರ್ತಾನ, ಓಣಿ ತುಂಬ ಅಡ್ಡಾಡ್ತಾನ. ಯಾರ ಮನಿ ಚಿಲಕ ಸಡಲ ಅದ, ಅಲ್ಲಿ ಹೊಕ್ಕು ಕುಂದರ್ತಾನ. ನೀವು ಮೊಣಕಾಲು ನೋವು ಅಂತ ಬರ್ತೀರಿ. ಮೊಣಕಾಲದ್ ಏನ್ ತಪ್ಪದ್ರಿ? ಅದರ ಚಿಲಕ ಸಡಲ ಇತ್ತು, ಅಷ್ಟೇ."

ಪಿತ್ತ, ಕಫ ಇಬ್ಬರೂ ಕುಂಟರು, ಅವರನ್ನು ಹೆಗಲ ಮೇಲೆ ಹೊತ್ತು ತಿರುಗಾಡಿಸುವವನು ವಾತ, ಆದ್ದರಿಂದ ಅವನನ್ನು ಮಾತ್ರ ಕೆಣಕಬೇಡಿ ಎನ್ನುವುದು ಅವರ ಮುಖ್ಯ ಮಾತು. ವಾತನನ್ನು ಕೆಣಕುವುದಕ್ಕೆ ಎಲ್ಲಕ್ಕಿಂತ ಸುಲಭ ದಾರಿ ಯಾವುದು? ಮೈ ಕೇಳಿದ್ದನ್ನು ತಡೆಯುವುದು. ಹಸಿವು, ನೀರಡಿಕೆ, ನಿದ್ದೆ, ಆಕಳಿಕೆ, ಸೀನು, ಒಂದಕ್ಕೆ ಎರಡಕ್ಕೆ ಹೋಗುವುದು, ಇವು ಯಾವುದನ್ನೂ ತಡೆಯಬಾರದು. ಮೇಲೆ ಬರಬೇಕಾದದ್ದು ಮೇಲೆ, ಕೆಳಗೆ ಹೋಗಬೇಕಾದದ್ದು ಕೆಳಗೆ. ಬಾಗಿಲು ಹಾಕಿದರೆ ವಾತ ಹಿಂದಕ್ಕೆ ತಿರುಗುತ್ತಾನೆ. ಹೆಂಗಸರು ಬಂದರೆ ಅವರು ಮೊದಲು ಕೇಳುತ್ತಿದ್ದುದು ಊಟವನ್ನಲ್ಲ, ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗುತ್ತೀರಿ ಎಂದು. ಹೊಲಕ್ಕೆ ತೊಗರಿ ಕೀಳಲು ಹೋಗುವವರು, ಸಂತೆಯಲ್ಲಿ ಕೂರುವವರು, ಶಾಲೆಯ ಟೀಚರುಗಳು, ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ನಾಚಿಕೆಗೆ ಔಷಧ ನನ್ನ ಹತ್ತಿರ ಇಲ್ಲ, ಕೇಳಿದ್ದಕ್ಕೆ ಹೇಳು ಎನ್ನುವರು.

ತಡೆಯಬಾರದ ಆ ಪಟ್ಟಿಯಲ್ಲಿ ಕಣ್ಣೀರೂ ಇದೆ ಎಂದು ನನಗೆ ಗೊತ್ತಾದದ್ದು ಶರಣಮ್ಮನಿಂದ. ಮಳಿಗೆ ಸಾಲಿನ ಬೆನ್ನಿಗೇ ಅವಳ ಮನೆ. ಗಂಡ ಹೋಗಿ ಸ್ವಲ್ಪ ದಿನವಾಗಿತ್ತು. ಎದೆಯಲ್ಲಿ ಗಂಟು ಕಟ್ಟಿದ ಹಾಗೆ ಆಗುತ್ತದೆ, ತುತ್ತು ಇಳಿಯುವುದಿಲ್ಲ ಎಂದು ಬಂದಿದ್ದಳು. ಡಾಕ್ಟರ್ ಬಾಯಿ ನಾಡಿ ನೋಡಿದರು. ಗಂಡ ತೀರಿದಾಗ ಅತ್ತಿದ್ದೆಯಾ ಎಂದು ಕೇಳಿದರು. ಮನೆ ತುಂಬ ಮಂದಿ ಇದ್ದರು, ಅಳಲಿಕ್ಕೆ ಎಲ್ಲಿ ಹೊತ್ತು ಸಿಕ್ಕಿತು, ಎಲ್ಲರಿಗೂ ಅಡುಗೆ ಮಾಡಬೇಕಿತ್ತು ಎಂದಳು. ಬಾಯಿಯವರು ಎದ್ದು ಶಟರನ್ನು ಅರ್ಧ ಎಳೆದರು. ನನಗೆ ಕಣ್ಸನ್ನೆ ಮಾಡಿದರು, ನಾನು ಹೊರಗೆ ಬಂದೆ. ಗೊಬ್ಬರದ ಅಂಗಡಿಯವರು ಏನಾಯಿತು ಎಂದು ಇಣುಕಲು ಬಂದರೆ, ಔಷಧ ಕುಡಿಸುತ್ತಿದ್ದಾರೆ ಎಂದು ನಾನೇ ಸುಳ್ಳು ಹೇಳಿದೆ. ಒಳಗಿನಿಂದ ಬಂದ ಆ ಅಳು ಬಸ್ಸಿನ ಹಾರ್ನಿನ ನಡುವೆಯೂ ಕೇಳುತ್ತಿತ್ತು. ಆಮೇಲೆ ಶರಣಮ್ಮ ಮುಖ ತೊಳೆದು, ಹಸಿವಾಗಿದೆ ಎಂದಳು.

ಇಷ್ಟೆಲ್ಲ ಹೇಳಿದ ಮೇಲೆ ಅವರದೇ ಬಾಟಲಿಯ ಮಾತು ಹೇಳಬೇಕು. ಅದು ಸ್ಟೀಲಿನದು. ಒಳಗೆ ನೀರು ಎಷ್ಟಿದೆ ಹೊರಗಿನಿಂದ ಕಾಣುವುದಿಲ್ಲ. ಜೋಳಿಗೆಯಂಥ ಚೀಲದಲ್ಲಿ, ಪಂಚಾಂಗ ಮತ್ತು ಛತ್ರಿಯ ನಡುವೆ ಅದು ಇರುತ್ತಿತ್ತು. ಅದನ್ನು ಎತ್ತಿ ತೂಗಿ ನೋಡಬೇಕು ಎಂದು ನನಗಾಗಲಿ ಆಪಾಗಾಗಲಿ ಒಮ್ಮೆಯೂ ಹೊಳೆಯಲಿಲ್ಲ. ಮೇಷ್ಟ್ರಿಂದಲೇ ಮಗ್ಗಿ ಯಾರು ಒಪ್ಪಿಸಿಕೊಳ್ಳುತ್ತಾರೆ?

ಹೋದ ವರ್ಷದ ಬೇಸಿಗೆಯಲ್ಲಿ ಅವರು ಆಗಾಗ ಸೊಂಟದ ಹಿಂದೆ ಕೈ ಒತ್ತಿಕೊಳ್ಳುತ್ತಿದ್ದರು. ಕೇಳಿದರೆ, ಬೇಸಿಗೆ ಎಂದರೆ ವಾತ ಕೂಡುವ ಕಾಲ, ಹಂಗೇ ಇರುತ್ತದೆ ಎನ್ನುವರು. ಒಂದು ದಿನ ಮುಖ ಬಾಡಿತ್ತು. ಪಿತ್ತ ಒಂದಿಷ್ಟು ಎದ್ದಿದೆ, ರಾತ್ರಿ ಕೊತ್ತಂಬರಿ ನೀರು ಕುಡಿದರೆ ಇಳಿಯುತ್ತದೆ ಎಂದರು. ಅಣ್ಣತಮ್ಮಂದಿರು ಇನ್ನೂ ಖೋಲಿಯೊಳಗೇ ಇದ್ದಾರೆ, ಅಂಗಳಕ್ಕೆ ಬರಲು ನಾನು ಬಿಡುವುದಿಲ್ಲ ಎಂದು ನಕ್ಕರು. ಅವರಿಗೆ ಅಷ್ಟು ನಂಬಿಕೆ ಇತ್ತು. ರೋಗ ಯಾವ ದಾರಿಯಲ್ಲಿ ಹೆಜ್ಜೆ ಇಡುತ್ತದೆ ಎಂದು ಬಲ್ಲವರಿಗೆ ಅದನ್ನು ಬೇಕಾದ ಕಡೆ ನಿಲ್ಲಿಸಬಹುದು ಎಂದು ನಾವೂ ನಂಬಿದ್ದೆವು.

ಅದಾದ ಕೆಲವು ದಿನಕ್ಕೆ, ಮಾಮೂಲಿ ಸಂಜೆ ಬಸ್ಸು. ಕಮಲಾಪುರದಲ್ಲಿ ಹತ್ತಿದೆವು. ಬಸ್ಸಿನ ತಗಡು ಕಾದಿತ್ತು, ಸೀಟಿಗೆ ಬೆನ್ನು ಹಚ್ಚಲು ಆಗುತ್ತಿರಲಿಲ್ಲ. ನಾನು ಬಾಟಲಿ ಹಿಡಿದ ಕೈ ಮುಂದೆ ಮಾಡಿದೆ. ಅವರು ತೆಗೆದುಕೊಳ್ಳಲಿಲ್ಲ. ಕಿಟಕಿಯ ಗಾಜನ್ನು ಎಳೆದು ಮುಚ್ಚಿದರು. ಬಿಸಿಗಾಳಿಗೆ ಇರಬೇಕು ಎಂದುಕೊಂಡೆ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ನನ್ನ ಹಿಂದಿನ ಸೀಟಿನವರ ಕಿಟಕಿಯನ್ನೂ ಮುಚ್ಚಲು ಹೇಳಿದರು. ಅವರು ಗೊಣಗಿದರು. ಆಗ ಹಲ್ಲು ಕಟಕಟ ಅನ್ನುವ ಸದ್ದು ಕೇಳಿತು. ಮೊದಲು ಅದು ಬಸ್ಸಿನ ಯಾವುದೋ ಸಡಿಲವಾದ ಮೊಳೆಯ ಸದ್ದು ಎಂದುಕೊಂಡೆ.

"ಥಂಡಿ ಭಾಳ ಅದ," ಎಂದರು.

ಕೈ ಮುಟ್ಟಿದೆ. ಸುಡುತ್ತಿತ್ತು. ಡಾಕ್ಟರ್ ಬಾಯಿ, ನಿಮಗೆ ಜ್ವರ ಬಂದಿದೆ ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮುಂದಿನ ಸೀಟಿನ ಬೆನ್ನಿಗಿದ್ದ ಕಬ್ಬಿಣದ ಸರಳನ್ನು ಹಿಡಿದುಕೊಂಡರು. ಬೀಳದಿರಲಿ ಎಂದು ಹಿಡಿದಿದ್ದಾರೆ ಅಂದುಕೊಂಡೆ. ಇಲ್ಲ. ಸರಳಿನ ಮೇಲೆ ಅವರ ಮೂರು ಬೆರಳು, ಒಂದರ ಪಕ್ಕ ಒಂದು, ನನ್ನ ಮಣಿಕಟ್ಟಿನ ಮೇಲೆ ಇಡುತ್ತಿದ್ದಂತೆಯೇ. ಕಣ್ಣು ಮುಚ್ಚಿದ್ದರು. ಬೆರಳನ್ನು ಒತ್ತಿ ಸಡಿಲಿಸಿ, ಮತ್ತೆ ಒತ್ತಿ, ಗಾಬರಿಯಿಂದ ನನ್ನ ಕಡೆ ತಿರುಗಿದರು.

"ಈ ಮನಷ್ಯಾನ್ ನಾಡಿ ಸಿಗ್ವಲ್ದು. ಇವ್ರ ಮಂದಿ ಯಾರದಾರ? ಜಲ್ದಿ ಕರೀರಿ."

ಅಲ್ಲಿಂದ ಮಹಾಗಾಂವ ಬರುವ ತನಕ ನಾನು ಏನು ಮಾಡಿದೆ? ಅವರ ಕೈಯನ್ನು ಸರಳಿನಿಂದ ಬಿಡಿಸಲು ನೋಡಿದೆ. ಅವರು ಬಿಡಲಿಲ್ಲ, ಪೇಶಂಟನ್ನು ಬಿಟ್ಟು ಹೇಗೆ ಬರಲಿ ಎಂದರು. ಕಂಡಕ್ಟರನನ್ನು ಕೂಗಬೇಕು ಎಂದು ಅನ್ನಿಸಿತು, ಕೂಗಲಿಲ್ಲ. ಡಾಕ್ಟರ್ ಬಾಯಿಗೆ ಹುಚ್ಚು ಹಿಡಿದಿದೆ ಎಂದು ಜನ ತಿಳಿಯುತ್ತಾರೆ ಎಂಬುದೊಂದೇ ಯೋಚನೆ. ಸುಮ್ಮನೆ ಅವರ ಬೆನ್ನು ತಿಕ್ಕುತ್ತಾ ಕುಳಿತೆ. ಹೊರಗೆ ತೊಗರಿ ಕಟಾವಾದ ಹೊಲಗಳು ಬಿಸಿಲಲ್ಲಿ ಹೋಗುತ್ತಿದ್ದವು.

ಮಹಾಗಾಂವದಲ್ಲಿ ಆಪಾ ಹತ್ತಿದರು. ಖಾಲಿ ಬಾಟಲಿ ಆಡಿಸುತ್ತಾ ಬಂದವರು ನಮ್ಮನ್ನು ನೋಡಿ ನಿಂತರು. ಹಣೆ ಮುಟ್ಟಿ ನೋಡಿದರು. ಏನು ಕೇಳಿದರೂ ಡಾಕ್ಟರ್ ಬಾಯಿ ಸರಳಿನ ನಾಡಿಯ ಮಾತನ್ನೇ ಹೇಳುತ್ತಿದ್ದರು. ನಡುವೆ ಒಮ್ಮೆ ಮಾತ್ರ ಕಣ್ಣು ತಿಳಿಯಾಯಿತು. ನನ್ನ ಕೈ ಗಟ್ಟಿಯಾಗಿ ಹಿಡಿದು, ಪೂರ್ತಿ ಎಚ್ಚರದ ದನಿಯಲ್ಲಿ ಹೇಳಿದರು:

"ತಂಗಿ, ದವಾಖಾನಿ ಬ್ಯಾಡ. ಮನಿಗಿ ಒಯ್ಯಿ. ಅಕ್ಕಗ ಹೇಳು, ಕೊತ್ತಂಬ್ರಿ ನೀರ್ ಕಾಸ್ಲಿ. ನನಗ ಗೊತ್ತದ ಇದು ಏನಂತ."

ನಾನು ಹೂಂ ಎಂದೆ. ಇದನ್ನೇ ನಾನು ಮತ್ತೆ ಮತ್ತೆ ಮನಸ್ಸಿನಲ್ಲಿ ನಡೆಸಿ ನೋಡುವುದು. ಅವರ ದನಿಯಲ್ಲಿ ಅಷ್ಟು ಅಧಿಕಾರ ಇತ್ತು. ಆಪಾ ಅವತ್ತು ರಜೆ ಹಾಕಿದ್ದರೆ, ಅಥವಾ ಮುಂದಿನ ಬಸ್ಸಿಗೆ ಬಂದಿದ್ದರೆ, ನಾನು ಅವರನ್ನು ಆಟೋದಲ್ಲಿ ಖೂಬಾ ಪ್ಲಾಟಿಗೆ ಕರೆದೊಯ್ದು, ಮೆಟ್ಟಿಲು ಹತ್ತಿಸಿ, ಚಾದರ ಹೊದಿಸಿ, ಅಕ್ಕನಿಗೆ ಕೊತ್ತಂಬರಿ ನೀರು ಕಾಸಲು ಹೇಳಿ, ನನ್ನ ಮನೆಗೆ ಹೋಗಿ ಊಟ ಮಾಡುತ್ತಿದ್ದೆ.

"ಮನಿ ನಕ್ಕೋ, ಮನಿ ಬ್ಯಾಡ," ಎಂದರು ಆಪಾ. ನಾನು ಏನೋ ಹೇಳಲು ಹೋದೆ, ಅವರು ನನ್ನ ಕಡೆ ನೋಡಲೂ ಇಲ್ಲ. "ಬಾಯಾರ, ಸುನೋ. ಈಗ ನೀವ್ ಡಾಕ್ಟರ್ ಅಲ್ಲ, ಪೇಶಂಟ್ ಇದ್ದೀರಿ. ನಿಮ್ ಮಾತ್ ಇವತ್ ನಡಿಯಂಗಿಲ್ಲ."

ಆಮೇಲೆ ಕಂಡಕ್ಟರನ ಕಡೆ ಹೋಗಿ ಏನು ಹೇಳಿದರೋ, ಅವನು ಡ್ರೈವರನ ಕಿವಿಯಲ್ಲಿ ಬಗ್ಗಿ ಹೇಳಿ, ತಿರುಗಿ ನಿಂತು ಇಡೀ ಬಸ್ಸಿಗೆ ತಿಳಿಸಿದ: ಡಾಕ್ಟರ್ ಬಾಯಿಗೆ ಆರಾಮಿಲ್ಲ, ಗಾಡಿ ಇನ್ನು ದವಾಖಾನೆಯ ಹತ್ತಿರವೇ ನಿಲ್ಲುವುದು, ನಡುವೆ ಇಳಿಯುವವರು ಆಟೋ ಮಾಡಿಕೊಂಡು ವಾಪಸು ಬರಬೇಕು. ತಾಜಸುಲ್ತಾನಪುರಕ್ಕೆ ಹೋಗಬೇಕಿದ್ದ ಒಬ್ಬರು ಎದ್ದರು. ಜಗಳಕ್ಕೆ ಬಂದರು ಎಂದುಕೊಂಡೆ. ಅವರು ಹೆಗಲ ಮೇಲಿನ ಟವೆಲನ್ನು ತಮ್ಮ ಬಾಟಲಿಯ ನೀರಿನಲ್ಲಿ ತೊಯಿಸಿ ಆಪಾನ ಕೈಗೆ ಕೊಟ್ಟು ಹೋಗಿ ಕುಳಿತರು. ಹುಳಿತೇಗಿನ ಆ ಡ್ರೈವರು ಹಾರ್ನಿನ ಮೇಲಿನ ಕೈ ತೆಗೆಯದೆ ಊರು ಹೊಕ್ಕ.

ದವಾಖಾನೆಯಲ್ಲಿ ಒಬ್ಬ ಎಳೆಯ ಡಾಕ್ಟರು. ರಕ್ತದ ಒತ್ತಡ ನೋಡಿ ಅವರ ಮುಖ ಬದಲಾಯಿತು. ಯಾವಾಗ ಮೂತ್ರಕ್ಕೆ ಹೋಗಿದ್ದರು ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಇವತ್ತು ಎಷ್ಟು ನೀರು ಕುಡಿದಿದ್ದಾರೆ ಎಂದು ಕೇಳಿದರು. ಅದು ಗೊತ್ತಾಗಬಹುದು ಎಂದು ಚೀಲಕ್ಕೆ ಕೈ ಹಾಕಿ ಸ್ಟೀಲಿನ ಬಾಟಲಿಯನ್ನು ಎತ್ತಿದೆ.

ನನ್ನ ಕೈ ಕೆಳಗೆ ಜಗ್ಗಿತು. ಆ ಭಾರ ನನಗೆ ಮರೆಯುವುದಿಲ್ಲ. ಮುಚ್ಚಳ ತಿರುಗಿಸಿದೆ, ನೀರು ಕಂಠದವರೆಗೆ ಇತ್ತು. ಬೆಳಿಗ್ಗೆ ಹೇಗೆ ತುಂಬಿಸಿದ್ದರೋ ಹಾಗೇ. ಆಪಾ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಡಾಕ್ಟರ್ ಬಾಯಿ ಮಾಡುತ್ತಿದ್ದಂತೆಯೇ ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದರು.

ಡಾಕ್ಟರು ಬಿಡಿಸಿ ಹೇಳಿದರು. ಮೂತ್ರದ ಸೋಂಕು ಬಹಳ ದಿನದಿಂದ ಇದ್ದಿರಬೇಕು. ಕೆಳಗೇ ಇದ್ದದ್ದು ಮೂತ್ರಪಿಂಡಕ್ಕೆ ಹತ್ತಿದೆ. ಅಲ್ಲಿಂದ ಈಗ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಿದೆ, ಅದಕ್ಕೇ ಚಳಿ, ಅದಕ್ಕೇ ಈ ಬಡಬಡಿಕೆ. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಶುರುಮಾಡಿ ಅವರು ಅಲ್ಲಿಗೇ ನಿಲ್ಲಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಖೋಲಿ, ಅಂಗಳ, ಓಣಿ. ಬೆಂಚಿನ ಮೇಲೆ ಕುಳಿತು ಎಷ್ಟು ಸಲ ಕೇಳಿದ್ದೆ. ಆ ಮುದುಕನ ಮೊಣಕಾಲಿನ ಹಾಗೆ ಇವರ ಮೂತ್ರಪಿಂಡದ್ದೂ ಏನೂ ತಪ್ಪಿರಲಿಲ್ಲ.

ಬದುಕಿಕೊಂಡರು. ಅದಕ್ಕೆ ಮೊದಲು, ಗಾಜಿನ ಬಾಗಿಲಿನ ಹೊರಗೆ ಕಾಯುವ ದಿನಗಳು ಬಂದವು. ಅಕ್ಕ ಆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಆಪಾ ಅಂಗನವಾಡಿ ಮುಗಿಸಿ ನೇರ ಅಲ್ಲಿಗೇ ಬಂದು ತಸ್‌ಬಿ ಮಣಿ ಎಣಿಸುತ್ತಾ ಕೂರುವರು. ನಾನು ನರ್ಸು ಹೊರಗೆ ಬಂದಾಗಲೆಲ್ಲ ಅವಳ ಮುಖದಲ್ಲಿ ಏನಾದರೂ ಓದಲು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅಕ್ಕ ಒಳಗೆ ಹೋಗಿ ಬಂದು, ನನ್ನ ನಾಡಿ ಹಿಡಿದಳು, ಹೊಟ್ಟೆ ತುಂಬ ಉಂಡಿಲ್ಲ ನೀನು ಎಂದು ಬೈದಳು ಎಂದು ಹೇಳಿ ಅತ್ತರು. ನಾವೂ ಅತ್ತೆವು. ಯಾರೂ ತಡೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಶರಣಮ್ಮ ಕಮಲಾಪುರದಿಂದ ನೋಡಲು ಬಂದಳು. ಕೆಂಪು ಬಾಳೆಹಣ್ಣಿನ ಚಿಪ್ಪು ತಂದಿದ್ದಳು. ಮೂತ್ರಪಿಂಡಕ್ಕೆ ಆಗದು, ತಿನ್ನಬಾರದು ಎಂದು ದವಾಖಾನೆಯ ಡಾಕ್ಟರು ಹೇಳಿದ್ದಾರೆ ಎಂದು ಅಕ್ಕ ಮೆಲ್ಲಗೆ ತೆಗೆದಿಟ್ಟರು. ಏನಾಗಿತ್ತು ಎಂದು ಶರಣಮ್ಮ ಕೇಳಿದಳು, ನಾನೇ ಹೇಳಿದೆ. ಆ ಮಳಿಗೆ ಸಾಲಿನಲ್ಲಿ ಹೆಂಗಸರು ಹೋಗುವಂಥ ಜಾಗ ಇರಲಿಲ್ಲ. ಗಂಡಸರು ಹಿಂದಿನ ಗೋಡೆಗೆ ಹೋಗುತ್ತಿದ್ದರು. ಡಾಕ್ಟರ್ ಬಾಯಿ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ನೀರು ಮುಟ್ಟುತ್ತಿರಲಿಲ್ಲ, ಎಷ್ಟೋ ವರ್ಷಗಳಿಂದ. ಇದನ್ನು ಅಕ್ಕ ನಮಗೆ ದವಾಖಾನೆಯಲ್ಲಿ ಹೇಳಿದ್ದರು. ಶರಣಮ್ಮ ಕೇಳುತ್ತಾ ಕೇಳುತ್ತಾ ಎದ್ದು ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

"ನಿಮ್ ದುಕಾನದ್ ಬೆನ್ನಿಗೇ ನಮ್ಮನಿ ಹಿತ್ತಲ ಅದ. ಸಂಡಾಸ ಅದ, ನೀರದ. ಇಷ್ಟ್ ವರ್ಷ ನಿಮ್ ಕಣ್ಣಿಗಿ ಅದು ಕಾಣ್ಲಿಲ್ಲೇನ್ರಿ ಬಾಯಾರ?"

ಡಾಕ್ಟರ್ ಬಾಯಿ ದಿಂಬಿಗೆ ಒರಗಿದ್ದರು. ತುಂಬ ಇಳಿದುಹೋಗಿದ್ದರು, ಕುತ್ತಿಗೆಯ ಎಲುಬು ಕಾಣುತ್ತಿತ್ತು.

"ಕಾಣತಿತ್ತವ್ವಾ," ಎಂದರು. "ದಿನಾ ಕಾಣತಿತ್ತು. ಹೆಂಗ್ ಕೇಳ್ಲಿ?"

ಶರಣಮ್ಮ ಮಂಚದ ಅಂಚಿಗೆ ಕುಳಿತಳು. ಊರಿನ ಹೆಂಗಸರನ್ನೆಲ್ಲ ಒಂದಕ್ಕೆ ಎಷ್ಟು ಸಲ ಹೋಗುತ್ತೀ ಎಂದು ದನಿಯೆತ್ತಿ ಕೇಳುತ್ತಿದ್ದವರು, ತಮಗಾಗಿ ಒಂದು ಬಾಗಿಲು ತಟ್ಟಿ ಕೇಳಲಾರದೆ ಹೋಗಿದ್ದರು. ಡಾಕ್ಟರ್ ಬಾಯಿ ಬಂದು ಸಂಡಾಸಿಗೆ ಒಂದು ಚರಿಗೆ ನೀರು ಕೊಡು ಎಂದರೆ ನಾಳೆ ಆಕೆ ಕೊಟ್ಟ ಔಷಧವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಅವರಿಗೆ ಅನ್ನಿಸಿತ್ತಂತೆ. ಆಮೇಲೆ ಎಂದೋ ನನಗೆ ಹೇಳಿದರು. ನಾನೂ ಆ ಕಾಲೇಜಿನಲ್ಲಿ ಬೀಗ ಹಾಕಿದ ಶೌಚಾಲಯದ ಕೀಲಿಯನ್ನು ಗಂಡಸು ಗುಮಾಸ್ತರಲ್ಲಿ ಕೇಳಲು ನಾಚಿ ಬಾಯಿ ಒಣಗಿಸಿಕೊಂಡು ಕುಳ್ಳಿರುತ್ತಿದ್ದವಳೇ. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಭಯವಾದದ್ದು ಅದಕ್ಕೇ.

ಅವರು ಮತ್ತೆ ಕಮಲಾಪುರಕ್ಕೆ ಬರಲಿಲ್ಲ. ಒಂದು ಮೂತ್ರಪಿಂಡ ಮೊದಲೇ ಕುಗ್ಗಿತ್ತಂತೆ, ಇನ್ನೊಂದು ಈ ಹೊಡೆತಕ್ಕೆ ಸೋತಿದೆ. ಈಗ ಶರಣಮ್ಮನ ಹಿತ್ತಲಿನ ಬಾಗಿಲಿಗೆ ಹಗಲು ಚಿಲಕ ಹಾಕುವುದಿಲ್ಲ. ನಾನು ಹೋಗುತ್ತೇನೆ, ಸಂತೆಯ ಹೆಂಗಸರು ಹೋಗುತ್ತಾರೆ, ನನ್ನ ವಿದ್ಯಾರ್ಥಿನಿಯರೂ ಹೋಗುತ್ತಾರೆ. ಶರಣಮ್ಮ ಬಾಗಿಲಲ್ಲಿ ಕುಳಿತು ತೊಗರಿ ಕೇರುತ್ತಾ, ಡಾಕ್ಟರ್ ಬಾಯಿ ಹೇಗಿದ್ದಾರೆ ಎಂದು ನನ್ನನ್ನು ಕೇಳುತ್ತಾಳೆ. ಆರಾಮ ಇದ್ದಾರೆ ಎನ್ನುತ್ತೇನೆ.

ಬೋರ್ಡು ಇಳಿದ ದಿನ ಸಂಜೆ ಅವರ ಮನೆಗೆ ಹೋದೆ. ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಾ ಮೆಟ್ಟಿಲು ಹತ್ತಿದೆ. ಅವರಿಗೆ ಆಗಲೇ ಗೊತ್ತಿತ್ತು. ಮೊಬೈಲಿನವನ ಹತ್ತಿರ ಹೇಳಿಕಳಿಸಿದ್ದೇನೆ, ಗಾಜಿನ ಬೀರು ಅವನೇ ಇಟ್ಟುಕೊಳ್ಳಲಿ ಎಂದರು. ಕೈ ಚಾಚಿದರು. ನಾನು ಬಾಟಲಿ ಕೊಟ್ಟೆ. ಅಂಗೈಯಲ್ಲಿ ಆಡಿಸಿ ನೋಡಿ, ಹಗುರ ಅದ ಎಂದು ವಾಪಸು ಕೊಡದೆ ಮಡಿಲಲ್ಲಿ ಇಟ್ಟುಕೊಂಡರು.

ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ಸ್ಟೀಲಿನ ಚೊಂಬು ಇತ್ತು. ಅವರಿಗೆ ಈಗ ನೀರನ್ನು ಅಳೆದು ಕೊಡುತ್ತಾರೆ. ಹೆಚ್ಚು ಕುಡಿದರೆ ಕಾಲು ಮುಖ ಬಾತುಕೊಳ್ಳುತ್ತದೆ. ಇಡೀ ದಿನಕ್ಕೆ ಅಷ್ಟೇ ಪಾಲು. ಮಾತಿನ ನಡುವೆ ನಾನು ಚೊಂಬಿನ ಕಡೆ ಕೈ ಚಾಚಿದೆ, ಪಕ್ಕಕ್ಕೆ ಸರಿಸುವವಳ ಹಾಗೆ. ಎತ್ತಿದೆ. ಭಾರ ಇತ್ತು. ಸಂಜೆಯಾದರೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಉಳಿಸಿಕೊಂಡಿದ್ದಾರೋ, ಮತ್ತೆ ತಡೆಯುತ್ತಿದ್ದಾರೋ. ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು.

"ತೂಗ್ಲಾಕತ್ತಿಯೇನು ತಂಗಿ?"

ಅವರು ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡು, ಎತ್ತಿ ಒಂದು ಗುಟುಕು ಕುಡಿದರು. ಗಂಟಲಿನಲ್ಲಿ ಅದು ಇಳಿಯುವುದು ಕಂಡಿತು. ಸಾಕೇನು ಎಂದು ಹುಬ್ಬು ಹಾರಿಸಿದರು. ಸಾಕು ಎಂದೆ. ಚೊಂಬನ್ನು ಅದರ ಜಾಗದಲ್ಲೇ ಇಟ್ಟರು.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ತಿರುಗಿ ನೋಡಿದೆ. ಹೊರಗೆ ಇನ್ನೂ ಬಿಸಿಗಾಳಿ ಬೀಸುತ್ತಿತ್ತು, ಅವರ ತಲೆಯ ಮೇಲಿನ ಪರದೆ ಆಡುತ್ತಿತ್ತು. ಕಿಟಕಿ ತೆರೆದೇ ಇತ್ತು. ಅಷ್ಟು ನೋಡಿಕೊಂಡು ಮೆಟ್ಟಿಲಿಳಿದೆ.